ಹಸುವಿನ ಕಿವಿ

ಊರ ದಫ್ತರದ ನೆಲಮಾಳಿಗೆಯ ಬೀಗದ ಕೈ ನನ್ನ ಹತ್ತಿರ,
ಹತ್ತೊಂಬತ್ತು ವರ್ಷದಿಂದ.
ಬೇಸಿಗೆ ಬಂತೆಂದರೆ ಬರುತ್ತಾರೆ ಜನ,
ಬಸ್ಸಿನಲ್ಲಿ ಮರೆತ ಕೊಡೆ ಕೇಳುವವರ ಹಾಗೆ
ಪೂರ್ವಜರನ್ನು ಕೇಳಿಕೊಂಡು.

ಮಂಗಳವಾರ ಬಂದವಳು ಲುವೆಲ್ಲಾ ಫಾಸ್ಕೆಟ್.
ನೆಬ್ರಾಸ್ಕಾದವಳು, ಎಪ್ಪತ್ತೆಂಟು,
ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಭೂತಗನ್ನಡಿ.
"ಒಂಬತ್ತು ತಲೆ ಹಿಂದಿನ ಅಜ್ಜಿಗೆ ಒಂದು ಹೆಸರು ಬೇಕು,
ಅಷ್ಟೇ," ಎಂದಳು,
ಉದುರಿದ ಗುಂಡಿಗೆ ಜೋಡಿ ಹುಡುಕುವವಳಂತೆ.

ಕರುವಿನ ಚರ್ಮದ ರಟ್ಟು. ಅಂಚು ಇಲಿಯ ಪಾಲು.
ಗುಮಾಸ್ತನ ಕಿವಿಗೆ ಬಿದ್ದ ಹಾಗೆ ಕಾಗುಣಿತ:
ಫಾಸ್ಕೆಟ್, ಫೊಸ್ಕಿಟ್, ಒಂದು ಕಡೆ ಫಾರ್‌ಸ್ಕೀಟ್.
ಒಬಡಾಯಾ, ನೇಕಾರ, ಸಫೊಕ್‌ನಿಂದ ಹಡಗೇರಿ ಬಂದವನು.
ಅವನಿಗೆ ನಾಲ್ಕು ಎಕರೆ ಉಪ್ಪುಜೌಗು.
(ಅದಕ್ಕೂ ಮೊದಲು ಅದು ಯಾರದೋ,
ಪುಸ್ತಕ ಬಾಯಿ ಬಿಡುವುದಿಲ್ಲ.)

ಒಬಡಾಯಾನಿಗೆ ಮಗಳು, ಮರ್ಸಿ. ತೀರಿಕೊಂಡಳು.
ಒಬಡಾಯಾನಿಗೆ ಮಗಳು, ಮರ್ಸಿ. ತೀರಿಕೊಂಡಳು.
ಒಬಡಾಯಾನಿಗೆ ಮಗಳು.
ಅದೇ ಹೆಸರು, ಅಕ್ಕಂದಿರ ಅಂಗಿಯ ಹಾಗೆ.
ಎರಡು ಸಲ ಸತ್ತ ಕರುಣೆ ಮೂರನೆಯ ಸಲ ಉಳಿಯಿತು.
ಎಲ್ಲವನ್ನೂ ಅವನೊಬ್ಬನೇ ಹೆತ್ತಂತಿದೆ ಲೆಕ್ಕ.

ಆಮೇಲೆ, ಪುಟದ ಬುಡದಲ್ಲಿ:
"ಫಾಸ್ಕೆಟ್‌ನ ಹೆಂಡತಿ, ಹೆರಿಗೆಯಲ್ಲಿ, ಮಾರ್ಚ್."
ವರ್ಷವೂ ಎರಡು. ಹೊಸ ವರ್ಷ ಅವರಿಗೆ
ಆ ತಿಂಗಳ ಕೊನೆಯ ವಾರಕ್ಕೆ ಹುಟ್ಟುತ್ತಿತ್ತು.
ಯಾವ ವರ್ಷದಲ್ಲಿ ಸತ್ತಳೆನ್ನಲೂ ಎರಡು ಮನಸ್ಸು.

ಎದುರು ಪುಟದಲ್ಲಿ, ಹಿಂದಿನ ವಸಂತದ್ದು,
ಎಷ್ಟು ಅಚ್ಚುಕಟ್ಟು:
"ಫಾಸ್ಕೆಟ್‌ನ ಕೆಂಪು ಹಸು. ಬಲಗಿವಿಯ ತುದಿ ಕತ್ತರಿಸಿದೆ,
ಎಡಗಿವಿಯ ಕೆಳಗೆ ಅರ್ಧ ಕಾಸಿನಷ್ಟು ಕಚ್ಚು."
ಪಕ್ಕದಲ್ಲಿ ಕಿವಿಯ ಚಿತ್ರ ಬೇರೆ,
ಮುನ್ನೂರೈವತ್ತು ವರ್ಷದ ಮಸಿಯಲ್ಲಿ
ಇನ್ನೂ ನಿಮಿರಿಕೊಂಡಿರುವ ಕಿವಿ.

ನನಗೆ ನಾಚಿಕೆಯಾಯಿತು, ನಾನೇ ಬರೆದೆನೇನೋ ಎಂಬಂತೆ.
ಮಾತು ಮರೆಸಲು ನನ್ನವರ ಕಥೆ ಹೇಳಿದೆ:
ಅಜೋರ್ಸ್ ದ್ವೀಪದಿಂದ ಮೀನು ಸೀಳಲು ಬಂದ ಅಜ್ಜಿ,
ಡಿಯೊಲಿಂಡಾ ಅರೂಡಾ. ಅವಳ ಆಚೆಗೆ ಬರೀ ಸಮುದ್ರ.

ಲುವೆಲ್ಲಾ ಕೇಳಿಸಿಕೊಳ್ಳಲಿಲ್ಲ.
ಭೂತಗನ್ನಡಿ ಹಸುವಿನ ಮೇಲೇ ಇತ್ತು.
"ನಮ್ಮಲ್ಲೂ ದನವಿದ್ದವು," ಎಂದಳು ಕೊನೆಗೆ.
"ಈ ಕೆಲಸ ಒಬ್ಬರ ಕೈಲಿ ಆಗುವುದಲ್ಲ.
ಒಬ್ಬರು ಕತ್ತರಿಸುವಾಗ
ಇನ್ನೊಬ್ಬರು ಕತ್ತು ತಬ್ಬಿ ಹಿಡಿಯಬೇಕು,
ಕಿವಿಯಲ್ಲಿ ಏನಾದರೂ ಹೇಳುತ್ತಿರಬೇಕು."

ತನ್ನ ವಂಶವೃಕ್ಷದ ಖಾಲಿ ಚೌಕದಲ್ಲಿ
ಪೆನ್ಸಿಲ್ ಹಿಡಿದು ಬಹಳ ಹೊತ್ತು ಕೂತಳು.
ಏನು ಬರೆದಳೋ ನಾನು ಇಣುಕಲಿಲ್ಲ.
ನಾಲ್ಕೂವರೆಗೆ ದೀಪ ತಾನಾಗಿ ಆರುತ್ತದೆ ಇಲ್ಲಿ.
ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿದಳು,
ಗಟ್ಟಿ ಹಿಡಿತ.