ಚಮಚದ ಲೆಕ್ಕ

ಐದು ನಿಮಿಷಕ್ಕೊಂದು ಚಮಚ, ಅಂದರು ಡಾಕ್ಟರು.
ಹೆಚ್ಚು ಕೊಟ್ಟರೆ ಹೊರಗೆ ಬರುತ್ತದೆ,
ಕಡಿಮೆಯಾದರೆ ಒಣಗುತ್ತದೆ ಮಗು.
ಎಂಟು ತಾಸು ಮೂತ್ರ ಆಗದಿದ್ದರೆ ಮಾತ್ರ ಕರೆತನ್ನಿ,
ಎಂದು ಪೆನ್ನಿಗೆ ಕ್ಯಾಪು ಹಾಕಿದರು.
ಆ 'ಮಾತ್ರ'ವನ್ನು ಮಡಚಿಕೊಂಡು ಬಂದೆ
ಡೊಂಬಿವಲಿಯ ನಾಲ್ಕನೇ ಮಾಳಿಗೆಗೆ,
ಲಿಫ್ಟಿಲ್ಲದ ಮೆಟ್ಟಿಲು ಹತ್ತಿ, ಹೆಗಲ ಮೇಲೆ ಮಗಳು.

ಕಲ್ಯಾಣದ ಪತಪೇಢಿಯಲ್ಲಿ ನೋಟು ಎಣಿಸುವವಳು ನಾನು.
ಹನ್ನೊಂದು ವರ್ಷ. ಒದ್ದೆ ಸ್ಪಂಜು, ರಬ್ಬರ್ ಬ್ಯಾಂಡು.
ಸಂಜೆ ಎರಡು ರೂಪಾಯಿ ಹೆಚ್ಚು ಬಂದರೂ ಮನೆಗೆ ಬಿಡುವುದಿಲ್ಲ.
ಈ ರಾತ್ರಿಯೂ ಎಣಿಸುತ್ತಿದ್ದೇನೆ,
ಕ್ಯಾಲೆಂಡರಿನ ಹಿಂಬದಿಯಲ್ಲಿ, ಕಡ್ಡಿ ಕಡ್ಡಿ:
ವಾಂತಿ ಆರು.
ಭೇದಿ ನಾಲ್ಕು, ಇನ್ನೊಂದು ಅನುಮಾನ.
ಜ್ವರ ನೂರರ ಮೇಲೆ ಎರಡು ಗೆರೆ.
ಮೂತ್ರದ ಮುಂದೆ ಖಾಲಿ.

ಗಂಡನಿಗೂ ಹೇಳದ ಮಾತೊಂದಿದೆ:
ನನಗೆ ವಾಂತಿಯೆಂದರೆ ಭಯ.
ನಗಬೇಡಿ. ಹಲ್ಲಿಗೆ ಹೆದರುವವರಿಲ್ಲವೇ?
ಏಳನೇ ವಯಸ್ಸಿನಲ್ಲಿ, ಮುಲ್ಕಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ
ಪಕ್ಕದ ಸೀಟಿನ ಅಜ್ಜನಿಗೆ ಕಿಟಕಿ ತೆರೆಯಲಾಗಲಿಲ್ಲ.
ಅಂದಿನಿಂದ ಪರ್ಸಿನಲ್ಲಿ ಹುಳಿಮಿಠಾಯಿ.
ಬಸುರಿಯಲ್ಲೂ ಬಾಯಿ ಬಿಗಿದು ಗೆದ್ದವಳು,
ಯಾರದ್ದೋ ಮಗು ಲೋಕಲ್ಲಿನಲ್ಲಿ ಓಕರಿಸಿದರೆ
ಠಾಕುರ್ಲಿಯಲ್ಲೇ ಇಳಿದು ನಡೆದು ಬರುವವಳು.

ಹತ್ತೂವರೆಗೆ ಅತ್ತೆಯ ಫೋನು:
'ಧೃತಿಗೆಡಬೇಡ ಮಾರಾಯ್ತಿ.'
ಮಗಳ ಹೆಸರೇ ಧೃತಿ. ಇಟ್ಟವಳು ನಾನೇ,
ನನ್ನಲ್ಲಿಲ್ಲದ್ದು ಅವಳಲ್ಲಾದರೂ ಇರಲೆಂದು.
ಹೊಟ್ಟೆ ಕೆಟ್ಟದ್ದು ಧೃತಿಗೆ,
ಧೃತಿ ಕೆಟ್ಟದ್ದು ನನಗೆ.

ಪನವೇಲಿನ ಹೋಟೆಲಿನಿಂದ ಅವರ ಮೆಸೇಜು: ಈಗ ಹೇಗೆ?
ಪರವಾಗಿಲ್ಲ, ಎಂದು ಒತ್ತಿ ಕಳಿಸಿದೆ.
ಈ ಪದ ಕಂಡುಹಿಡಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಪಕ್ಕದ ಖೋಲಿಯ ಸುಲಭಾ ಕಾಕು ಬಂದು
ಉಪ್ಪು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದಳು.
ಮೂವರಿಗೂ ಕೆಮ್ಮು.
ಹಾಗಾದರೆ ದೃಷ್ಟಿಯಲ್ಲ, ಅಂದಳು, ಚೂರು ನಿರಾಸೆಯಿಂದ.
ಮತ್ತೇನು? ಶಾಲೆಯ ನಳವೋ, ತಾರಸಿಯ ಟಾಕಿಯೋ,
ಮೊನ್ನೆ ಗಾಡಿಯ ಶೇವ್‌ಪುರಿಯ ಹುಣಸೆನೀರೋ.
ಅದು ನಾನು ಕೊಡಿಸಿದ್ದು.
ಯಾವ ದಾರಿಯಿಂದ ಕೂಡಿಸಿದರೂ
ಮೊತ್ತ ಬಂದು ಬೀಳುವುದು ನನ್ನ ಖಾತೆಗೇ.

ಕೊನೆಯ ಕರ್ಜತ್ ಲೋಕಲು ಹೋಯಿತು.
ಇಷ್ಟು ಹೊತ್ತು ನನ್ನ ಬದಲು ನಡುಗುತ್ತಿದ್ದ
ಕಿಟಕಿಯ ಗಾಜು ಸುಮ್ಮನಾಯಿತು.
ಇನ್ನು ನಾನೇ ನಡುಗಬೇಕು.
ಚಮಚ. ಐದು ನಿಮಿಷ. ಚಮಚ.

ಮೂರಕ್ಕೆ ಎದ್ದು ಕೂತಳು.
ಆ ಮುಖ ನನಗೆ ಗೊತ್ತು: ಬಿಳಿಚಿದ ತುಟಿ, ಬಾಯಿ ತುಂಬ ನೀರು.
ಬಕೆಟ್ಟು ಎರಡು ಮಾರು ದೂರ.
ಓಡು ಅಂದಿತು ಕಾಲು.
ಕೈ ಮಾತ್ರ ಯಾರನ್ನೂ ಕೇಳದೆ
ಬೊಗಸೆಯಾಗಿ ಮುಂದೆ ಬಂತು, ತೀರ್ಥಕ್ಕೆ ಒಡ್ಡಿದ ಹಾಗೆ.

ಬೆಚ್ಚಗಿತ್ತು. ಅಷ್ಟೆ.
ಮೂವತ್ತು ವರ್ಷ ಹೆದರಿದ್ದು
ಒಂದು ಬೊಗಸೆಗೂ ಕಡಿಮೆಯಿತ್ತು.
'ಸಾರಿ ಅಮ್ಮಾ,' ಅಂದಳು.
ಆರು ವರ್ಷ ಅವಳಿಗೆ. ಸಾರಿಯಂತೆ.

ಆಮೇಲೆ ಮೂರು ಸಲ ಸಾಬೂನು ಹಾಕಿ ತೊಳೆದೆ,
ನಾಲ್ಕನೆಯ ಸಲವೂ.
ಭಯ ಹೋಯಿತೆಂದು ತಿಳಿಯಬೇಡಿ.
ಬಾಗಿಲಾಚೆ ಚಪ್ಪಲಿ ಬಿಟ್ಟು ಕೂತಿದೆ, ಹೋಗುವವರ ಹಾಗೆ ಕಾಣುವುದಿಲ್ಲ.

ಮೊದಲ ಲೋಕಲ್ಲಿಗೆ ಗಾಜು ಮತ್ತೆ ನಡುಗಿತು.
'ಅಮ್ಮಾ, ಒಂದಕ್ಕೆ.'
ಎತ್ತಿಕೊಂಡು ಓಡಿದೆ. ಬಚ್ಚಲ ಕತ್ತಲಲ್ಲಿ
ಉಸಿರು ಹಿಡಿದು ಕಿವಿಗೊಟ್ಟೆ.
ಸಣ್ಣ ಸದ್ದು. ಹಳದಿ ಜಾಸ್ತಿ, ಆದರೂ ಸದ್ದು.
ಖಾಲಿ ಬಿಟ್ಟಲ್ಲಿ ಒಂದು ಕಡ್ಡಿ ಎಳೆದೆ;
ಎಷ್ಟು ಒತ್ತಿದೆನೆಂದರೆ ಕ್ಯಾಲೆಂಡರಿನ ಆಚೆ ಬದಿ
ಗಣಪತಿಯ ಸೊಂಡಿಲ ಮೇಲೆ ಗೀರು ಮೂಡಿತು.

ಈಗ ಖಾರಿ ಬೇಕಂತೆ, ಚಹಾದಲ್ಲಿ ಅದ್ದಿ.
ಇಲ್ಲ, ಮೊದಲು ಚಮಚ. ಇನ್ನೂ ಎರಡು ನಿಮಿಷವಿದೆ.
ನನ್ನ ಹೊಟ್ಟೆಯಲ್ಲೂ ಏನೋ ಗುಡುಗುಡು.
ನಿನ್ನೆ ಮಧ್ಯಾಹ್ನದಿಂದ ತಿಂದಿಲ್ಲ,
ಹಸಿವೇ ಇರಬೇಕು.
ಇರಬೇಕು.