ಮೂರು ಕಾಲಿನ ಹಿಮಸಾರಂಗ

ವಾರ್ಡೋ ದ್ವೀಪದಲ್ಲಿ ಸೂರ್ಯ ರಜೆ ಹಾಕಿ ಹೋದ ಮೇಲೆ
ಗಡಿಯಾರವನ್ನು ನಂಬಿಯೇ ಬೆಳಗಾಯಿತೆನ್ನಬೇಕು.
ಹಿಮ ತಳ್ಳುವ ಗಾಡಿಯನ್ನು ಷೆಡ್ಡಿಗೆ ಬಿಟ್ಟು
ಬೂಟು ಕಳಚಿ, ಮರಗಟ್ಟಿದ ಬೆರಳು ಬಿಸಿನೀರಿಗೆ ಹಿಡಿದು
ಬೆಣ್ಣೆ ತೂಗಲು ಕೂರುತ್ತೇನೆ.

ಕ್ರಿಸ್‌ಮಸ್ಸಿಗೆ ಏಳು ಬಗೆ ಆಗಬೇಕು.
ಆರಾದರೆ ಆ ಮನೆಯವಳು ಸೋಮಾರಿ,
ಎಂಟಾದರೆ ಜಂಬಗಾತಿ
ಎನ್ನುತ್ತಿದ್ದಳು ಅಮ್ಮ, ಎಂಟು ಮಾಡುತ್ತಿದ್ದಳು.

ನನ್ನದು ಹನ್ನೊಂದು ವರ್ಷದಿಂದ ಆರೇ.

ಬಡವ ಎಂಬ ಹೆಸರಿನದಕ್ಕೆ
ಹತ್ತು ಮೊಟ್ಟೆಯ ಹಳದಿ, ಕೆನೆ, ಬ್ರಾಂದಿ;
ಮಾಡಿ ಮುಗಿಸುವಷ್ಟರಲ್ಲಿ ಮಾಡಿದವಳು ಬಡವಿ.
ಜಿಂಕೆಕೊಂಬಿಗೆ ಹಾಕುವ ಬಿಳಿಯ ಉಪ್ಪಂತೂ
ಕಾದ ಕೊಬ್ಬಿಗೆ ಹಿಟ್ಟು ಬಿದ್ದೊಡನೆ
ಮೂಗಿಗೆ ಸೂಜಿ ಚುಚ್ಚುತ್ತದೆ.
ಅಳುವುದೇನಾದರೂ ಬಾಕಿ ಇದ್ದರೆ
ಆಗ ಅತ್ತುಬಿಡಬಹುದು, ಯಾರೂ ಏಕೆಂದು ಕೇಳುವುದಿಲ್ಲ.

ಏಳನೆಯದು ಗೋರೋ.
ಅದಕ್ಕೆ ಬೇಕು ಅಜ್ಜಿಯ ಕಬ್ಬಿಣದ ಅಚ್ಚು:
ಉದ್ದ ಹಿಡಿ, ಪುಸ್ತಕದಂತೆ ಮುಚ್ಚುವ ಎರಡು ತಟ್ಟೆ,
ಒಂದರಲ್ಲಿ ಹಿಮದ ಹೂವು, ಒಂದರಲ್ಲಿ ಸಾರಂಗ.
ಯಾವುದೋ ಚಳಿಗಾಲ ನೆಲಮಾಳಿಗೆಯ ಮೆಟ್ಟಿಲಿಂದ ಉರುಳಿ
ಹಿಂಗಾಲೊಂದರ ಗೆರೆ ಚಪ್ಪಟೆಯಾಯಿತಂತೆ.
ಅಂದಿನಿಂದ ನಮ್ಮ ಮನೆಯ ಸಾರಂಗ
ಮೂರೇ ಕಾಲಲ್ಲಿ ನಿಂತು, ಬೆಂದು, ತಿನ್ನಿಸಿಕೊಂಡಿದೆ.

ಎರಡು ದಿನಕ್ಕೆಂದು ಒಯ್ದಳು ಎದುರುಮನೆಯ ಟೋರ್‌ಗುನ್.
ಮೂರನೆಯ ದಿನ ಅಮ್ಮ ಆಸ್ಪತ್ರೆಗೆ. ಆಮೇಲೆ, ಮಣ್ಣು ಗಟ್ಟಿಯಾಗಿದ್ದ ಜನವರಿ.
ಕೇಳಿದರೆ, “ನಿಮ್ಮಮ್ಮ ನನಗೆ ಕೊಟ್ಟೇಬಿಟ್ಟಳಲ್ಲ?”

ಅಂದೇ ಮಾತು ನಿಂತಿತು.
ಬೀದಿಯ ಹಿಮವನ್ನೆಲ್ಲ ತಳ್ಳುತ್ತ ಹೋಗಿ
ಅವಳ ಗೇಟಿನ ಮುಂದೆ ಮಾತ್ರ
ನೇಗಿಲನ್ನು ಒಂಚೂರು ಎತ್ತುತ್ತೇನೆ.
ಸಣ್ಣ ಗುಡ್ಡ. ಹೆಚ್ಚಲ್ಲ. ಮೊಣಕಾಲಷ್ಟು.

ಆದರೂ ಪ್ರತಿ ಡಿಸೆಂಬರ್ ನನ್ನ ಮೆಟ್ಟಿಲ ಮೇಲೆ
ಬಟ್ಟೆ ಮುಚ್ಚಿದ ನೀಲಿ ತಟ್ಟೆ,
ಹನ್ನೆರಡು ಗೋರೋ, ಹನ್ನೆರಡು ಕುಂಟ ಸಾರಂಗ.
ಅಮ್ಮನ ಕೈಬರಹ ಬೇರೆಯವರ ಕಾಗದದಲ್ಲಿ ಕಂಡ ಹಾಗೆ.
ಬರಿದಾದ ತಟ್ಟೆ ಹಿಂದಿರುಗಿಸುವುದುಂಟೇ?
ಆರು ಬಗೆ ತುಂಬಿ ಅವಳ ಮೆಟ್ಟಿಲಿಗಿಟ್ಟು
ಬಾಗಿಲು ಬಡಿಯದೆ ಬರುತ್ತೇನೆ.

ಈ ಸಲ ಬಟ್ಟೆ ಸರಿಸಿದರೆ
ಸಾರಂಗಕ್ಕೆ ನಾಲ್ಕು ಕಾಲು.

ದೀಪದ ಕೆಳಗೆ ಹಿಡಿದು ಮತ್ತೆ ಎಣಿಸಿದೆ.
ನಾಲ್ಕೇ. ಚೂಪು ಗೊರಸು, ನೀಟಾದ ಬಾಲ,
ಅಂಗಡಿಯ ಹೊಸ ಅಚ್ಚಿನ ಅಹಂಕಾರ.
ಒಂದು ಕಚ್ಚಿದೆ. ರುಚಿಗೇನೂ ಕೊರತೆಯಿಲ್ಲ.
ಅದೇ ನನಗೆ ತಡೆಯಲಾಗಲಿಲ್ಲ.

ಏಪ್ರನ್ನಿನಲ್ಲೇ ಬೀದಿ ದಾಟಿದೆ.
ನನ್ನದೇ ಗುಡ್ಡದಲ್ಲಿ ಮೊಣಕಾಲವರೆಗೆ ಹೂತೆ.

ಬಾಗಿಲು ತೆರೆದ ಟೋರ್‌ಗುನ್ ಇಷ್ಟು ಕುಳ್ಳಿಯೆಂದು
ನನಗೆ ನೆನಪಿರಲಿಲ್ಲ.
“ಕೀಲು ಮುರಿಯಿತು,” ಎಂದಳು, ಒಳಗೆ ಕರೆಯದೆ.
“ದೋಣಿ ರಿಪೇರಿಯವನೂ ಆಗದು ಅಂದ.”
ಪತ್ರಿಕೆಯಲ್ಲಿ ಸುತ್ತಿದ ಎರಡು ಹೋಳು ತಂದಳು,
ಎಣ್ಣೆ ಸವರಿದ್ದಳು, ತುಕ್ಕಿನ ಚುಕ್ಕೆಯಿರಲಿಲ್ಲ.
“ನಿಂದು. ತಗೋ, ಬೋರ್ಗಿಲ್.”

ಹನ್ನೊಂದು ವರ್ಷ ರಿಹರ್ಸಲ್ ಮಾಡಿದ ಮಾತುಗಳಿದ್ದವು ನನ್ನಲ್ಲಿ,
ಒಲೆಯೆದುರು, ಸ್ಟಿಯರಿಂಗಿನ ಹಿಂದೆ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ.
ಒಂದೂ ಬಾಯಿಗೆ ಬರಲಿಲ್ಲ.
ಸಾರಂಗವನ್ನು ಎತ್ತಿಕೊಂಡೆ.
ಹಿಮದ ಹೂವನ್ನು ಅವಳ ಕೈಯಲ್ಲೇ ಬಿಟ್ಟೆ.
ಯಾಕೆಂದು ಅವಳು ಕೇಳಲಿಲ್ಲ, ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಕಬ್ಬಿಣ ತಣ್ಣಗೆ ಉಣ್ಣೆಗವುಸಿಗೆ ಅಂಟಿಕೊಂಡಿತ್ತು.
ಅರ್ಧ ಬೀದಿ ದಾಟಿರಬೇಕು, ಹಿಂದಿನಿಂದ ಕೂಗಿದಳು:
“ನಿಮ್ಮಮ್ಮ ಗೋರೋಗೆ ಏಲಕ್ಕಿ ಎಷ್ಟು ಹಾಕುತ್ತಿದ್ದಳು?
ನನಗೆ ಅದೊಂದು ಹಿಡಿತಕ್ಕೇ ಬಂದಿಲ್ಲ.”

ತಿರುಗಿ ನಿಂತೆ.
ಹೇಳಬಹುದಿತ್ತು.
ನಾಳೆ ಬೆಳಿಗ್ಗೆ ಗಾಡಿ ತಂದಾಗ ಹೇಳುತ್ತೇನೆ ಎಂದೆ.