ಒಂಬತ್ತನೇ ಗುಬ್ಬಿ

ಮೊದಲು ಪರದೆ ಮ್ಯಾಲಿನ ಬಾಣ ತಾನಾಗೇ ಸರೀತು.
ನಾ ಮೌಸ್ ಮುಟ್ಟಿರಲಿಲ್ಲ, ಕೈಯಾಗ ಚಾದ ಬಟ್ಟಲಿತ್ತು.
ಎರಡು ಬೆರಳು ಜರಗಿ ನಿಂತು ಮತ್ತ ಜರಗಿತು,
ಹೊಸದಾಗಿ ಮನಿಗೆ ಬಂದಾಕಿ
ಯಾವ ಕೋಲಿ ಎಲ್ಲೈತಿ ಅಂತ ನೋಡಿಧಂಗ.

ಸಾವಕ್ಕಗ ಹೇಳಿದೆ. ಕಂಡಿಕಿ ಸುತ್ತೋದು ನಿಲ್ಲಿಸದ
"ಕಳ್ಳ ಬಂದ್ರ ಏನರ ಹೋಗಬೇಕಲ್ಲ, ಏನ ಹೋಗೇತಿ?" ಅಂದ್ಲು.
ಏನೂ ಹೋಗಿಲ್ಲ.
ಅದಕ್ಕ ಅಂಜಿಕಿ.

ಹಿತ್ತಲ ಕಳ್ಳ ಕೊಂಡಿ ಮುರೀತಾನ,
ಬೂದಿ ಮ್ಯಾಲ ಹೆಜ್ಜಿ ಬಿಡ್ತಾನ, ನಾಯಿ ಬೊಗಳ್ತೈತಿ.
ಇವ ಒಯ್ದದ್ದೂ ಇದ್ದಲ್ಲೇ ಇರತೈತಿ.
ದಡಿ ಎಣಿಸಿದೆ: ನೂರಾ ನಾಲ್ವತ್ತು. ಮೊದಲೂ ಅಷ್ಟ ಇದ್ದದ್ದು.
ಅಪ್ಪ ಚೌಕಳಿ ಹಾಳಿ ಮ್ಯಾಲ ಪೆನ್ಸಿಲ್ ಹಿಡದು ತುಂಬಿದ್ದು,
ನಾ ಏಳು ವರ್ಷ ಕುಂತು ಒಂದೊಂದ ಚುಕ್ಕಿ
ಕಂಪ್ಯೂಟರಿಗೆ ಏರಿಸಿದ್ದು.

ಇರ್ಶಾದ ಜಮಖಂಡಿಯಿಂದ ಕಡೀ ಬಸ್ಸಿಗೆ ಬಂದ.
ನಾಡಿ ಹಿಡಿದವರಂಗ ಕುಂತು
ಒಳಗ ಓಡೂ ಪ್ರೋಗ್ರಾಮಿನ ಹೆಸರು ಒಂದೊಂದ ಓದಿದ.
ಮದುವಿ ಯಾದ್ಯಾಗ ಗುರುತಿಲ್ಲದ ಬೀಗರು ಬಂಧಂಗ
"ಇದು ಯಾರ ಪೈಕಿ?" ಅಂತ ಕೇಳಿದೆ.
"ಇದು ಪ್ರಿಂಟರದು. ಇದು ವೈರಸ್ ಕಾಯೋದು.
ಇದು... ನಂಗೂ ಗೊತ್ತಿಲ್ಲ. ಇರಲಿ,
ಎಲ್ಲಾರ ಮನ್ಯಾಗೂ ಇರತೈತಿ."

ನಡುರಾತ್ರಿ ಫ್ಯಾನ್ ಯಾಕ ಗುರ್ರ್ ಅಂತೈತಿ?
ಡಬ್ಬಿ ಬಿಚ್ಚಿದ. ಒಳಗ ಹತ್ತಿ.
ಹಾಸಿನಿಂದ, ಹೊಕ್ಕಿನಿಂದ, ಸಾವಕ್ಕನ ಕಂಡಿಕಿಯಿಂದ
ಹಾರಿದ ನವಿರು ಸುತ್ತಿ ಸುತ್ತಿ
ಗೊಂಬಿಗೆ ಸಾಲೂವಷ್ಟು ಒಂದು ದಿಂಬು ಆಗಿತ್ತು.
"ಉಸಿರು ಕಟ್ಟೇತಿ ಅಷ್ಟ," ಅಂದ.

ಮತ್ತ ಬಾಣ?
ಅಷ್ಟರಾಗ ಕರೆಂಟ್ ಹೋತು.
ಬಾಜೂ ಮುರಿಗೆಪ್ಪನ ಆರು ಮಗ್ಗ ಒಮ್ಮೆಲೇ ನಿಂತ್ವು.
ಬನಹಟ್ಟ್ಯಾಗ ಹುಟ್ಟಿದವರಿಗೆ ಆ ಸಪ್ಪಳ ನಿಂತ್ರ
ಕಿವ್ಯಾಗ ಗಾಳಿ ಹೊಕ್ಕಂಗ ಆಗತೈತಿ.
ಯುಪಿಎಸ್ ಕುಂಯ್ ಕುಂಯ್ ಅಂತಿತ್ತು. ಬಾಣ ಅಲುಗಲಿಲ್ಲ.
ಕರೆಂಟ್ ಬಂತು. ಖಟಕ್ ಖಟಕ್.
ಗ್ವಾಡಿ ನಡುಗಿತು, ಟೇಬಲ್ ನಡುಗಿತು,
ಬಾಣ ಎರಡು ಬೆರಳು ಜರಗಿತು.
ಇರ್ಶಾದ ನಕ್ಕ. ನಾನೂ ನಕ್ಕೆ. ಸಾವಕ್ಕ ನಗಲಿಲ್ಲ.

"ನಿಮ್ಮಪ್ಪ ಏನ ಮಾಡತಿದ್ದ ಗೊತ್ತೇನು?"
ಅಂವ ಹೋದ ಮ್ಯಾಲ ಅಂದ್ಲು.
"ಹೊಸ ದಡಿಯಾಗ ಒಂದ ಎಳಿ ಬೇಕಂತ ತಪ್ಪಸ್ತಿದ್ದ.
ಅದ ತಪ್ಪು ಮಂದಿ ಮಗ್ಗದಾಗ ಕಂಡ್ರ..."
ಮಾತು ಮುಗಿಸಲಿಲ್ಲ, ದಾರ ಹಲ್ಲಿಲೆ ಕಡದ್ಲು.

ಗುಬ್ಬಿ ಸಾಲಿನ ದಡಿ ತೆಗೆದೆ. ಹದಿನೇಳು ಗುಬ್ಬಿ.
ಒಂಬತ್ತನೇದರ ಒಂದು ಕಾಲು ಅಳಿಸಿದೆ.
ಯಾರಿಗೂ ಕಳಿಸಲಿಲ್ಲ, ಕಾರ್ಡ್ ಹೊಡಿಸಲಿಲ್ಲ,
ಪಾಸ್‌ವರ್ಡೂ ಬದಲಿಸಲಿಲ್ಲ.
ಅಗಳಿ ಹಾಕದ ಕಣ್ಣು ಮುಚ್ಚಿ
ನಿದ್ದಿ ಬಂದವರಂಗ ಬಿದ್ದುಕೊಂಡೆ.

ಯುಗಾದಿ ಹೋತು. ಕಾರಹುಣ್ಣಿಮಿನೂ ಹೋತು.
ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಾಗ ಒಬ್ಬಾಕಿ
ಬೆಲ್ಲದ ಪೆಂಟಿ ತೊಡಿ ಮ್ಯಾಲ ಇಟಗೊಂಡು ಕುಂತಿದ್ಲು.
ಗಿಳಿಹಸರ ಸೀರಿ. ದಡಿ ತುಂಬ ಗುಬ್ಬಿ.
ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.
ಒಂಬತ್ತನೇದು ಒಂಟಿ ಕಾಲಿನ ಮ್ಯಾಲ.

ನಾ ನೋಡೋದ ನೋಡಿ ಆಕಿ ಸೆರಗು ಸರಿ ಮಾಡಿಕೊಂಡು
"ಚಲೋ ಐತಿ ಅಲ್ರೀ? ಇಚಲಕರಂಜಿದು. ನಮ್ಮ ತಮ್ಮ ತಂದಾನ."
ಚಲೋ ಐತ್ರಿ, ಅಂದೆ.
ಮತ್ತೇನ ಅನ್ನಲಿ. ಆಕಿ ಎದ್ದು ನಡದ್ರ
ಗುಬ್ಬಿ ಕುಣೀತಿದ್ವು. ನಾ ಎಂದೂ ಅವನ್ನ
ಅರಬಿ ಮ್ಯಾಲ ನೋಡಿರಲಿಲ್ಲ.

ಮನಿಗೆ ಬಂದು ನೆಟ್ಟಿನ ವೈರ್ ಕಿತ್ತೆ.
ಬಾಣ ಈಗಲೂ ಜರಗತೈತಿ, ಅದು ಮುರಿಗೆಪ್ಪನ ಪೈಕಿ.
ಯಾದ್ಯಾಗ ಆ ಗೊತ್ತಿಲ್ಲದ ಹೆಸರೂ ಐತಿ.
ಇರ್ಶಾದಗ ಫೋನ್ ಹಚ್ಚಿದೆ,
ಅಂವ ಎತ್ತೂ ಮೊದಲ ಇಟ್ಟೆ.